ದೋನ್ಯಾ ನಿಬಿಯಾರ ಅಳತೆ ಪುಸ್ತಕ

ದೋನ್ಯಾ ನಿಬಿಯಾ ತಮ್ಮ ಮನೆಯ ಬಾಗಿಲನ್ನು ಒಂದು ಗೇಣಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಬ್ರೆಡ್ಡಿನವನು ಬಂದರೂ ಅಷ್ಟೇ, ಪಾದ್ರಿಗಳು ಬಂದರೂ ಅಷ್ಟೇ. ಆ ಸಂದಿಯಲ್ಲಿ ಒಂದು ಕಣ್ಣು, ಕನ್ನಡಕದ ಒಂದು ಗಾಜು, ತುಟಿಯಲ್ಲಿ ಕಚ್ಚಿಕೊಂಡ ಎರಡು ಗುಂಡುಸೂಜಿ ಕಾಣುತ್ತಿದ್ದವು. "ಏನು ಬೇಕಿತ್ತು?" ಎಂದು ಕೇಳುವಾಗಲೂ ಆ ಸೂಜಿಗಳು ಬೀಳುತ್ತಿರಲಿಲ್ಲ.

ಉರುಗ್ವೇ ನದಿಯ ದಡದ ನಮ್ಮೂರು ಸಾಂತಾ ಬ್ರಿಹಿದಾದಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ದೋನ್ಯಾ ಎನ್ನುತ್ತೇವೆ. ಇಲ್ಲಿ ಐವತ್ತು ದಾಟಿದವರೆಲ್ಲ ಒಂದು ಕಾಲಕ್ಕೆ ಆಕೆ ಹೊಲಿದ ಶಾಲೆಯ ಬಿಳಿ ಅಂಗಿ ತೊಟ್ಟವರೇ. ನಾನು ಮೂವತ್ತೆರಡು ವರ್ಷ ಆ ಬಿಳಿ ಅಂಗಿಗಳ ಮುಂದೆ ನಿಂತು ಪಾಠ ಹೇಳಿದವಳು. ಬೇರೆಯವರು ಹೊಲಿದ ಅಂಗಿ ತೊಟ್ಟ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕತ್ತು ಕೆರೆದುಕೊಳ್ಳುತ್ತಿದ್ದರು. ನಿಬಿಯಾರ ಅಂಗಿ ತೊಟ್ಟವರು ಸುಮ್ಮನೆ ಕುಳಿತಿರುತ್ತಿದ್ದರು. ಕುತ್ತಿಗೆಯ ಅಂಚನ್ನು ಆಕೆ ಒಳಕ್ಕೆ ಎರಡು ಸಲ ಮಡಿಚಿ, ಮೇಲೆ ಒತ್ತೊತ್ತಾಗಿ ಜೋಡಿ ಹೊಲಿಗೆ ಹಾಕುತ್ತಿದ್ದರು. ಬೆರಳು ಸವರಿದರೆ ಅಲ್ಲಿ ಒಂದು ಸಣ್ಣ ಏಣು ಸಿಗುತ್ತಿತ್ತು, ಚುಚ್ಚುವ ಎಳೆ ಮಾತ್ರ ಒಂದೂ ಸಿಗುತ್ತಿರಲಿಲ್ಲ.

ಇಷ್ಟು ಒಳ್ಳೆಯ ಕೈಗೆಲಸದವರ ಬಗ್ಗೆ ಊರಿಗೆ ಒಳ್ಳೆಯ ಮಾತಿರಲಿಲ್ಲ. ಸೈನ್ಯ ದೇಶವನ್ನು ಆಳಿದ ಆ ಹನ್ನೆರಡು ವರ್ಷಗಳಲ್ಲಿ ಬ್ಯಾರಕ್ಕಿನ ಹಸಿರು ಲಾರಿ ಆಗಾಗ ಆಕೆಯ ಮನೆಯ ಮುಂದೆ ನಿಲ್ಲುತ್ತಿತ್ತು. ಸಿಪಾಯಿಗಳ ಷರಟು ಹೊಲಿಯಲು ಕೊಡುತ್ತಾರೆ ಎಂದು ಮೊದಲು ಹೇಳಿಕೊಂಡರು. ಆಮೇಲೆ, "ಷರಟಿಗೆ ಅಷ್ಟು ಹೊತ್ತು ಬೇಕೇ?" ಎಂದರು. ಊರಿನ ಗಿರಣಿಯಲ್ಲಿ ದುಡಿಯುವ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹಿಡಿದುಕೊಂಡು ಹೋದಾಗ, "ಯಾರ ಮನೆಗೆ ಯಾರು ಬರ್ತಾರೆ ಅಂತ ಆ ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ" ಎಂಬ ಮಾತು ಹುಟ್ಟಿತು. ನಾನು ಆ ಮಾತನ್ನು ಆಡಲಿಲ್ಲ. ಆದರೆ ಕೇಳಿಸಿಕೊಂಡೆ, ಅಲ್ಲಗಳೆಯಲಿಲ್ಲ. ಇದನ್ನು ಈಗ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ನಿಬಿಯಾ ಆರೋಸ್ಪಿದೆ ಹುಟ್ಟಿದ್ದು ಕುರಿ ಸಾಕುವ ಹಳ್ಳಿಗಾಡಿನಲ್ಲಿ, ಏಳು ಮಕ್ಕಳಲ್ಲಿ ಐದನೆಯವರಾಗಿ. ಹನ್ನೆರಡನೆಯ ವಯಸ್ಸಿಗೆ ಊರಿನ ಮುದಿ ಇಟಾಲಿಯನ್ ದರ್ಜಿಯ ಹತ್ತಿರ ಕೆಲಸಕ್ಕೆ ಸೇರಿದರು. ಆ ಮುದುಕ ಹೊಲಿಯುತ್ತಿದ್ದುದು ಮೂಟೆ ಹೊರುವವರಿಗೆ. ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ, ಅದರ ಕೆಳಗೆ ದೋಣಿಕಟ್ಟೆ. ಗಂಡಸರೆಲ್ಲ ಭುಜದ ಮೇಲೆ ಭಾರ ಹೊತ್ತೇ ಬದುಕಿದವರು. "ನಿಂತವನ ಅಳತೆ ಸುಳ್ಳು, ಕೈ ಎತ್ತಿದವನ ಅಳತೆ ನಿಜ" ಎಂಬುದು ಮುದುಕನ ಪಾಠ. ಆದ್ದರಿಂದ ನಿಬಿಯಾ ಯಾರ ಅಳತೆ ತೆಗೆದರೂ, ಮದುವೆಯ ಸೂಟಾಗಲಿ ಸತ್ತವರ ಮನೆಗೆ ಹೋಗುವ ಕರಿ ಕೋಟಾಗಲಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸುತ್ತಿದ್ದರು. ಕಿತ್ತಳೆ ಕೀಳುವವರಂತೆ ಎತ್ತಬೇಕು. ಆಗ ಕಂಕುಳಿನಿಂದ ಸೊಂಟದವರೆಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಟೇಪು ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದರು. ಹೆಸರು, ತಾರೀಖು, ಅಂಕಿಗಳು, ಪಕ್ಕದಲ್ಲಿ ಭುಜಗಳ ಒಂದು ಪುಟ್ಟ ಗೆರೆಚಿತ್ರ.

ಆ ಪುಸ್ತಕಗಳನ್ನು ಆಕೆ ಯಾರಿಗೂ ತೋರಿಸಿದವರಲ್ಲ. ನಾನೊಮ್ಮೆ ನನ್ನ ಪುಟವನ್ನು ಕೇಳಿದ್ದೆ.

"ನಿಮ್ದೇ ಸೊಂಟ, ಮನೇಲಿ ಕನ್ನಡಿ ಇಲ್ವೇ ಟೀಚರ್?" ಎಂದರು.

"ನನಗೆ ಗೊತ್ತಿಲ್ಲದ್ದು ಏನಿದೆ ಅಂತ ನೋಡಬೇಕಿತ್ತು."

"ಇದೆ. ಅದನ್ನ ಲಂಗದೊಳಗೆ ಮುಚ್ಚಿದೀನಿ. ನೀವು ಮೂವತ್ತು ವರ್ಷದಿಂದ ನೆಟ್ಟಗೆ ನಡೀತಿದೀರಿ. ಇನ್ನೇನು ಬೇಕು?"

ಇಷ್ಟು ಹಿನ್ನೆಲೆ ಸಾಕು. ಮುಂದಿನದು ಎರಡು ಸಾವಿರದ ಹನ್ನೆರಡನೆಯ ಇಸವಿಯ ಮಾತು.

ಅದೆಮಾರ್ ಲೆಸ್ಕಾನೊ ನನ್ನ ಹಳೆಯ ವಿದ್ಯಾರ್ಥಿ, ಗಿರಣಿಯ ಕೆಲಸಗಾರ. ಎಪ್ಪತ್ತೈದನೆಯ ಇಸವಿ ಮೇ ಎಂಟರಂದು, ಅವನಿಗೆ ಇಪ್ಪತ್ತನಾಲ್ಕು ತುಂಬಿದಾಗ, ಸೈನಿಕರು ಅವನನ್ನು ಹಿಡಿದುಕೊಂಡು ಹೋದರು. ಐದು ತಿಂಗಳು ಬ್ಯಾರಕ್ಕಿನಲ್ಲಿಟ್ಟರು. ಕೈಗಳನ್ನು ಹಿಂದಕ್ಕೆ ಕಟ್ಟಿ ತೂಗುಹಾಕಿದರು. ಹೊರಗೆ ಬಂದಾಗ ಬಲಭುಜ ಜೋತುಬಿದ್ದಿತ್ತು, ಆ ಕೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಆಮೇಲೆ ಅವನು ನಿಬಿಯಾರ ಮನೆಯ ಮುಂದಿನ ಚೌಕದಲ್ಲಿ ಪತ್ರಿಕೆ ಮಾರುತ್ತ, ಎಡಗೈಯಲ್ಲಿ ಚಿಲ್ಲರೆ ಕೊಡುತ್ತ ಬದುಕಿದ. ಬ್ಯಾರಕ್ಕಿನಲ್ಲಿ ಇದನ್ನೆಲ್ಲ ಮಾಡಿಸಿದ ಆಗಿನ ಕ್ಯಾಪ್ಟನ್ ಈಗ ನಿವೃತ್ತ ಕರ್ನಲ್, ರಾಜಧಾನಿ ಮೊಂಟೆವಿಡಿಯೊದಲ್ಲಿ ಮೊಮ್ಮಕ್ಕಳೊಡನೆ ಇದ್ದ. ಹಳೆಯ ಮೊಕದ್ದಮೆಗಳನ್ನು ಮತ್ತೆ ತೆರೆಯಬಹುದು ಎಂದಾದಾಗ ಅದೆಮಾರ್ ದೂರು ಕೊಟ್ಟ. ಮೊಂಟೆವಿಡಿಯೊದಿಂದ ಕ್ಲೆಲಿಯಾ ಎಂಬ ವಕೀಲೆ ಬಂದಳು. ಮೂವತ್ತು ದಾಟದ ಹುಡುಗಿ, ಮಾತು ಮಾತ್ರ ಕತ್ತರಿ.

ನನ್ನ ಅಡುಗೆಮನೆಯಲ್ಲಿ ಅದೆಮಾರನ ಜೊತೆ ಕುಳಿತು, ಮಾಟೆ ಎಂಬ ನಮ್ಮ ಕಹಿ ಚಹಾದ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಆಕೆ ವಿಷಯ ಬಿಡಿಸಿ ಹೇಳಿದಳು.

"ಎದುರು ಪಕ್ಷದವರ ಹತ್ರ ಒಂದು ಕಾಗದ ಇದೆ. ಮಾರ್ಚ್ ಮೂರನೇ ತಾರೀಖು ಗಿರಣಿ ಅಟ್ಟದಿಂದ ಬಿದ್ದೆ, ಭುಜ ಹೋಯ್ತು, ಅವತ್ತಿಂದ ಕೈ ಎತ್ತಕ್ಕೆ ಆಗಿಲ್ಲ ಅಂತ. ಅಂದ್ರೆ ನಿಮ್ಮನ್ನ ಹಿಡಿಯೋಕೆ ಎರಡು ತಿಂಗಳು ಮುಂಚೆ. ಕೆಳಗೆ ನಿಮ್ಮ ಸಹಿ ಇದೆ, ಅದೆಮಾರ್."

"ಇರುತ್ತೆ. ಬ್ಯಾರಕ್ಕಲ್ಲಿ ಎಷ್ಟೋ ಕಾಗದಕ್ಕೆ ಹಾಕಿಸಿಕೊಂಡ್ರು. ತಲೆ ಮೇಲೆ ಚೀಲ. ಬೆರಳು ಹಿಡಿದು ಇಲ್ಲಿ ಅನ್ನೋರು, ಹಾಕ್ತಿದ್ದೆ."

"ಚಿತ್ರಹಿಂಸೆ ಕೊಟ್ಟು ಬರೆಸಿಕೊಂಡ ಹೇಳಿಕೆ ಕೋರ್ಟಲ್ಲಿ ಸಾಕ್ಷಿ ಆಗಬಾರದು. ಇದು ದೇಶದೇಶಗಳು ಸೇರಿ ಮಾಡಿಕೊಂಡ ಒಪ್ಪಂದ, ನಮ್ಮ ದೇಶವೂ ಸಹಿ ಹಾಕಿದೆ. ಯುದ್ಧ ಅನ್ನಲಿ, ತುರ್ತು ಪರಿಸ್ಥಿತಿ ಅನ್ನಲಿ, ಮೇಲಿನವರ ಅಪ್ಪಣೆ ಅನ್ನಲಿ, ಯಾವ ನೆಪವೂ ನಡೆಯಲ್ಲ."

"ಹಾಗಾದ್ರೆ ಆ ಕಾಗದ ಹರಿದು ಬಿಸಾಕಿ," ಎಂದೆ ನಾನು.

"ಹಿಂಸೆ ಕೊಟ್ಟಿದ್ರು ಅಂತ ಮೊದಲು ತೋರಿಸಬೇಕಲ್ಲ, ಟೀಚರ್. ಗಿರಣಿಯವರ ದಾಖಲೆ ಪ್ರವಾಹದಲ್ಲಿ ಹೋಗಿದೆ. ಡಾಕ್ಟರು ಭುಜ ನೋಡಿ, ಇದು ತೂಗುಹಾಕಿದ್ದರಿಂದ ಆಗಿರಬಹುದು ಅಂತ ಬರೀತಾರೆ. ಅವರು, ಬಿದ್ದರೂ ಹೀಗೇ ಆಗುತ್ತೆ ಅಂತಾರೆ. ಮಾರ್ಚ್ ಮೂರರಿಂದ ಮೇ ಎಂಟರ ಒಳಗೆ ಈ ಕೈ ನೆಟ್ಟಗಿತ್ತು ಅಂತ ಹೇಳೋದು ಏನಾದರೂ ಬೇಕು. ನೆನಪು ಸಾಲದು, ಕಾಗದ ಬೇಕು."

ಅದೆಮಾರ್ ಬುರುಡೆಯನ್ನು ಕೆಳಗಿಟ್ಟ.

"ಒಂದು ಕಾಗದ ಇದೆ," ಎಂದ. "ಜೂನಲ್ಲಿ ನನ್ನ ಮದುವೆ ಇತ್ತು. ಏಪ್ರಿಲಲ್ಲಿ ಸೂಟಿಗೆ ಅಳತೆ ಕೊಟ್ಟಿದ್ದೆ. ಆ ಹೆಂಗಸಿಗೆ. ಎರಡೂ ಕೈ ಎತ್ತಿಸಿದ್ಲು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಯ್ಯೋ, ಮತ್ತೆ ಇಷ್ಟು ದಿನ..."

"ಆ ಬಾಗಿಲಿಗೆ ನಾನು ಹೋಗಲ್ಲ ಟೀಚರ್."

ಏಕೆ ಎಂದು ಕೇಳಿದ್ದಕ್ಕೆ ಅವನು ಹೇಳಿದ. ಬ್ಯಾರಕ್ಕಿನಲ್ಲಿ ಮೊದಲ ದಿನವೇ ತಲೆಗೆ ಬಟ್ಟೆಯ ಚೀಲ ಹಾಕಿ ಕುತ್ತಿಗೆಗೆ ಲಾಡಿ ಎಳೆದರು. ಐದು ತಿಂಗಳು ಅದು ತಲೆಯ ಮೇಲಿತ್ತು. ಕಣ್ಣಿಗೆ ಏನೂ ಕಾಣದವನು ಕತ್ತಿನಿಂದ, ಗಲ್ಲದಿಂದ, ನಾಲಿಗೆಯಿಂದ ನೋಡುತ್ತಾನೆ. ಕುತ್ತಿಗೆಯ ಬಳಿ ಅವನಿಗೆ ಒಂದು ಏಣು ತಗುಲಿತು. ಒಳಗಿನ ಅಂಚು ಎರಡು ಮಡಿಕೆ, ಮೇಲೆ ಜೋಡಿ ಹೊಲಿಗೆ. ಚುಚ್ಚುವ ಎಳೆ ಒಂದೂ ಇಲ್ಲ.

"ಒಂದನೇ ಕ್ಲಾಸಿಂದ ಆರು ವರ್ಷ ತೊಟ್ಟಿದೀನಿ ಆ ಕುತ್ತಿಗೆಪಟ್ಟಿ. ಗೊತ್ತಾಗಲ್ವೇ?" ಎಂದ. "ಚೀಲ ಹೊಲಿದವಳು ಇನ್ನೇನೇನು ಮಾಡಿಕೊಟ್ಟಿದಾಳೋ. ನನ್ನ ಹೆಸರು ಹೇಳಿದೋರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮೂವತ್ತೇಳು ವರ್ಷದಿಂದ ಅವಳ ಕಿಟಕಿ ಮುಂದೆ ಪೇಪರ್ ಮಾರ್ತಾ ಅದನ್ನೇ ಯೋಚನೆ ಮಾಡಿದೀನಿ."

ಅವನು ಹೋಗದಿದ್ದರೆ ನಾನು ಹೋಗಬೇಕು. ಮಾರನೆಯ ದಿನ ಬೆಳಗ್ಗೆ ಬಾಗಿಲು ತಟ್ಟಿದೆ. ಗೇಣಗಲ ತೆರೆಯಿತು.

"ಲಂಗ ಸಡಿಲಿಸಬೇಕೇ?"

"ಅಳತೆ ಪುಸ್ತಕ ನೋಡಬೇಕಿತ್ತು ದೋನ್ಯಾ ನಿಬಿಯಾ. ಎಪ್ಪತ್ತೈದರದ್ದು."

ಸೂಜಿ ಕಚ್ಚಿದ ತುಟಿ ಅಲುಗಲಿಲ್ಲ. "ಯಾರು ಕಳಿಸಿದ್ರು?"

"ಯಾರೂ ಇಲ್ಲ. ಅದೆಮಾರನ ಮದುವೆ ಸೂಟಿನ ಅಳತೆ..."

"ಹಳೇ ಪುಸ್ತಕ ಒಂದೂ ಇಲ್ಲ. ಇಲಿ ತಿಂದ್ವು."

"ಎಲ್ಲಾನೂ?"

"ನಮ್ಮನೆ ಇಲಿಗಳು ಓದಿದವು ಟೀಚರ್, ಪೂರ್ತಿ ಮುಗಿಸ್ತಾವೆ," ಎಂದು ಬಾಗಿಲು ಮುಚ್ಚಿದರು.

ಸುಳ್ಳೆಂದು ನನಗೆ ತಿಳಿಯಿತು. ಮುರಿದ ಗುಂಡಿಯನ್ನೂ ಡಬ್ಬಿಯಲ್ಲಿ ಇಡುವ ಮನುಷ್ಯಳು ಆಕೆ. ಅಂದಿನಿಂದ ನಾನು ರಸ್ತೆಯಾಚೆಯ ನನ್ನ ಜಗುಲಿಯಲ್ಲಿ ಕುಳಿತು ಆ ಮನೆಯನ್ನೇ ನೋಡತೊಡಗಿದೆ. ಒಳ್ಳೆಯ ಕೆಲಸವಲ್ಲ. ಆದರೂ ನೋಡಿದೆ. ಮೂರನೆಯ ದಿನ ಮಧ್ಯಾಹ್ನ, ಊರೆಲ್ಲ ಊಟ ಮುಗಿಸಿ ಮಲಗಿದ್ದ ಹೊತ್ತಿನಲ್ಲಿ, ರಾಜಧಾನಿಯ ನಂಬರಿನ ಬೂದುಬಣ್ಣದ ಕಾರು ಬಂದು ನಿಂತಿತು. ಚರ್ಮದ ಚೀಲ ಹಿಡಿದ ಒಬ್ಬ ಮನುಷ್ಯ ಇಳಿದ. ಬಾಗಿಲು ತೆರೆಯಿತು, ಗೇಣಲ್ಲ, ಪೂರ್ತಿ. ಅವನು ಒಳಗೆ ಹೋದ. ಕಾಲು ಗಂಟೆಯ ಮೇಲೆ ಹೊರಬಂದು, ಚೀಲವನ್ನು ಕಂಕುಳಿಗೆ ಅವುಚಿಕೊಂಡು ಹೊರಟುಹೋದ.

ನನ್ನ ಸಂಶಯಕ್ಕೆ ಇನ್ನೇನು ಬೇಕಿತ್ತು? ಕ್ಲೆಲಿಯಾಗೆ ಫೋನು ಮಾಡಿದೆ. ಕಾರಿನ ಬಣ್ಣ ಕೇಳಿದವಳೇ, "ಕರ್ನಲ್ಲನ ವಕೀಲ," ಎಂದಳು. "ಹೋಯ್ತು ಬಿಡಿ ಟೀಚರ್, ಪುಸ್ತಕ ಹೋಯ್ತು."

ನಾನು ಸಿಟ್ಟಿನಿಂದಲೇ ರಸ್ತೆ ದಾಟಿದೆ. ಬಾಗಿಲಿನ ಸಂದಿ ಕಂಡೊಡನೆ ಪಾದವನ್ನು ಅದರಲ್ಲಿಟ್ಟೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮಾಡಿದ ಒಂದೇ ಒಂದು ಪುಂಡಾಟಿಕೆ ಅದು.

"ಎಷ್ಟಕ್ಕೆ ಕೊಟ್ರಿ?" ಎಂದೆ.

"ಏನನ್ನ?"

"ಇಲಿ ತಿಂದಿದ್ದನ್ನ!"

ನಿಬಿಯಾ ನನ್ನ ಪಾದವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ತುಟಿಯಿಂದ ಸೂಜಿಗಳನ್ನು ತೆಗೆದು ಎದೆಯ ಮೇಲಿನ ಬಟ್ಟೆಗೆ ಸಿಕ್ಕಿಸಿಕೊಂಡರು.

"ಬನ್ನಿ ಒಳಗೆ. ಕಾಲು ಮುರಿದ್ರೆ ಅದೂ ನನ್ನ ತಲೆಗೇ ಬರುತ್ತೆ."

ಪುಸ್ತಕ ಅಲ್ಲೇ ಇತ್ತು, ಯಂತ್ರದ ಪೀಠದ ಕೆಳಗೆ. ಆ ವಕೀಲ, ಹಳೆಯ ಕಸುಬುಗಳ ವಸ್ತುಸಂಗ್ರಹಾಲಯಕ್ಕೆ ಬೇಕು ಎಂದು ಕೇಳಿದನಂತೆ. ಒಳ್ಳೆಯ ಮಾತಿನಲ್ಲಿ ಕೇಳಿದ, ಆಮೇಲೆ, "ಅದರಲ್ಲಿ ನಿಮ್ಮ ಬಗ್ಗೆಯೂ ಒಂದು ಪುಟ ಇರಬಹುದಲ್ಲವೇ ಅಮ್ಮಾ?" ಎಂದು ನಕ್ಕನಂತೆ.

"ಯೋಚನೆ ಮಾಡ್ತೀನಿ ಅಂದೆ. ಅವನು ವಾಪಸ್ ತಗೊಂಡು ಹೋದದ್ದು ತಾನು ತಂದ ಬಿಸ್ಕತ್ತಿನ ಡಬ್ಬಿ. ನಾನು ಮುಟ್ಟಲಿಲ್ಲ," ಎಂದರು ನಿಬಿಯಾ. "ನಾನು ಎಲ್ಲಾ ಬರೆದಿಡೋದು ಬ್ಯಾರಕ್ಕಿನೋರಿಗೆ ಗೊತ್ತಿತ್ತು. ಅವನು ಹೇಳಿದ್ದು ನಿಜ. ಪುಟ ಇದೆ."

ಆಕೆ ಪುಟ ತಿರುವಿ ನನ್ನ ಮುಂದಿಟ್ಟರು. ಫೆಬ್ರವರಿ ಹನ್ನೊಂದು, ಎಪ್ಪತ್ತೈದು. ಬ್ಯಾರಕ್ಕು. ಚೀಲ, ನಲವತ್ತು. ಅಗಲ ಮೂವತ್ತು ಸೆಂಟಿಮೀಟರು, ಉದ್ದ ನಲವತ್ತೈದು, ಲಾಡಿ ಸಹಿತ.

"ಬೂಟು ಇಡೋಕೆ ಅಂದ್ರು. ಹೊಲಿದೆ. ಅಂಚು ಬಿಟ್ಟು ಹೊಲಿಯೋದು ನನ್ನ ಕೈಗೆ ಬರಲ್ಲ, ಬೂಟಿನ ಚೀಲ ಆದ್ರೂ ಮಡಿಚೇ ಹೊಲಿದೆ. ಎಂಬತ್ತೈದರಲ್ಲಿ, ಸೆರೆಯಲ್ಲಿದ್ದೋರೆಲ್ಲ ಬಿಡುಗಡೆ ಆಗಿ ಬಂದಮೇಲೆ, ಬ್ರೆಡ್ಡಿನ ಅಂಗಡೀಲಿ ಯಾರೋ ಚೀಲದ ಮಾತು ತೆಗೆದ್ರು. ಅಳತೆ ಹೇಳಿದ್ರು. ನಾನು ಬ್ರೆಡ್ಡು ಅಲ್ಲೇ ಬಿಟ್ಟು ಬಂದೆ."

"ಯಾರ ಹೆಸರನ್ನಾದರೂ ಅವರಿಗೆ..."

"ಅದನ್ನೂ ಕೇಳಿಬಿಡಿ, ಊರೆಲ್ಲ ಕೇಳಿದೆ. ಇಲ್ಲ. ಯಾರ ಹೆಸರೂ ಹೇಳಲಿಲ್ಲ. ನಂಬೋದು ಬಿಡೋದು ನಿಮಗೆ ಸೇರಿದ್ದು."

ನಾನು ನಂಬಿದೆನೇ? ಪೂರ್ತಿ ಇಲ್ಲ. ಆಕೆ ಮಾತು ಮುಗಿಸಿದ ಮೇಲೂ ಆ ಪುಟದ ಅಂಚನ್ನು ಬೆರಳಿನಿಂದ ಒತ್ತುತ್ತಲೇ ಇದ್ದರು. ಇನ್ನೂ ಏನೋ ಒಳಗೆ ಉಳಿದಿದೆ ಎಂದು ನನಗೆ ಅನ್ನಿಸಿತು. ತರಗತಿಯಲ್ಲಿ ಮಕ್ಕಳು ಅರ್ಧ ಸತ್ಯ ಹೇಳಿ ನಿಂತಾಗ ಕೈಗಳು ಹಾಗೆಯೇ ಇರುತ್ತವೆ.

ಆಕೆ ಏಪ್ರಿಲಿನ ಪುಟ ತೆರೆದರು. ಏಪ್ರಿಲ್ ಹತ್ತೊಂಬತ್ತು. ಅದೆಮಾರ್ ಲೆಸ್ಕಾನೊ, ಮದುವೆಯ ಸೂಟು. ಕೈ ಎತ್ತಿದ ಅಳತೆ: ಎಡ ನಲವತ್ತೊಂದು, ಬಲ ನಲವತ್ತೊಂದು. ಪಕ್ಕದ ಭುಜದ ಗೆರೆ ಸಮ.

"ಇದೊಂದು ಹಾಳೆ ಹರಿದು ಕೊಡಿ," ಎಂದೆ. ಈಗ ಯೋಚಿಸಿದರೆ ಎಂಥ ಮೂರ್ಖ ಮಾತು!

"ಹರಿದ ಹಾಳೆಯನ್ನ ಯಾವ ಜಡ್ಜ್ ನಂಬ್ತಾರೆ? ಕೊಟ್ರೆ ಪೂರ್ತಿ ಪುಸ್ತಕ ಕೊಡಬೇಕು. ನನ್ನನ್ನೂ ಒಳಗೆ ಹಾಕ್ತಾರಾ, ಅದನ್ನ ನಿಮ್ಮ ವಕೀಲೆ ಹತ್ರ ಕೇಳಿ ಹೇಳಿ."

ಕ್ಲೆಲಿಯಾ ಬಂದಳು. ಆ ಹುಡುಗಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ದಿನ. ಸಮಾಧಾನಕ್ಕಾಗಿ ಒಂದು ಸುಳ್ಳನ್ನೂ ಹೇಳಲಿಲ್ಲ.

"ಗೊತ್ತಿದ್ದೂ ಸಹಾಯ ಮಾಡಿದೋರಿಗೂ ಈ ಕಾನೂನು ತಗುಲುತ್ತೆ, ದೋನ್ಯಾ. ಗೊತ್ತಿಲ್ದೆ ಹೊಲಿದಿದ್ರೆ ತಗುಲಲ್ಲ. ಜಡ್ಜ್ ಏನು ಅಂದುಕೊಳ್ತಾರೆ ಅಂತ ನಾನು ಭರವಸೆ ಕೊಡಲಾರೆ."

ನಿಬಿಯಾ ತಲೆಯಾಡಿಸಿದರು. "ನೀನು ಒಳ್ಳೆ ದರ್ಜಿ ಆಗ್ತಿದ್ದೆ ಕಣೆ. ಗಿರಾಕೀನ ಖುಷಿ ಮಾಡೋಕೆ ಅಳತೆ ಬದಲಾಯಿಸಲ್ಲ," ಎಂದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ವಿಚಾರಣೆಯ ಬೆಳಗ್ಗೆ ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಆಕೆ ಕಾಣಲಿಲ್ಲ. ಅದೆಮಾರ್ ಕಿಟಕಿಯ ಕಡೆಗೆ ಮುಖ ಮಾಡಿ, "ನೋಡಿದ್ರಾ?" ಎಂದ. ನ್ಯಾಯಾಲಯದ ಮೆಟ್ಟಿಲು ಹತ್ತುವಾಗ, ನಮಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದ ನಿಬಿಯಾ ಕಂಡರು. ಹಿಂದಿನ ದಿನದ ಬಸ್ಸಿಗೇ ಬಂದು ಛತ್ರದಂಥ ಒಂದು ಹೋಟೆಲಿನಲ್ಲಿ ತಂಗಿದ್ದರು. ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಪುಸ್ತಕ. "ಒಂದೇ ಬಸ್ಸಲ್ಲಿ ಬಂದ್ರೆ ಮಾತು ಕಲಿಸಿ ಕರ್ಕೊಂಡು ಬಂದ್ರು ಅಂತಾರೆ," ಎಂದರು. ನಮ್ಮೂರನ್ನು ಆಕೆ ಚೆನ್ನಾಗಿ ಬಲ್ಲವರು.

ನ್ಯಾಯಾಧೀಶೆ ಪುಟವನ್ನು ನೋಡಿದರು, ತಜ್ಞರು ಶಾಯಿಯನ್ನೂ ಕಾಗದವನ್ನೂ ನೋಡಿದರು. ಮಾರ್ಚ್ ಮೂರರ ನಂತರವೂ, ಏಪ್ರಿಲ್ ಹತ್ತೊಂಬತ್ತರಂದು, ಅದೆಮಾರನ ಎರಡೂ ಕೈಗಳು ಸಮವಾಗಿ ತಲೆಯ ಮೇಲಕ್ಕೆ ಏರಿದ್ದವು. ಕರ್ನಲ್ಲನ ವಕೀಲ ಎದ್ದು ನಿಂತ. ಬೂದು ಕಾರಿನವನೇ.

"ಈ ಪುಸ್ತಕದಲ್ಲಿ ಫೆಬ್ರವರಿ ಹನ್ನೊಂದರ ಪುಟವನ್ನೂ ಓದುತ್ತೀರಾ ಅಮ್ಮಾ?"

ನಿಬಿಯಾ ಓದಿದರು. ಅಗಲ, ಉದ್ದ, ಲಾಡಿ.

"ಅಂದರೆ ಸೆರೆಯಾಳುಗಳ ತಲೆಗೆ ಹಾಕಿದ ಚೀಲ ಹೊಲಿದವರು ನೀವೇ. ಆ ಪಾಪ ಮುಚ್ಚಲು ಈಗ ಅಂಕಿ ಕಟ್ಟುತ್ತಿದ್ದೀರಿ. ಇಂಥವರನ್ನು ನ್ಯಾಯಾಲಯ ನಂಬಬೇಕೇ?"

"ನನ್ನ ನಂಬಬೇಡಿ," ಎಂದರು ನಿಬಿಯಾ. "ಟೇಪು ನಂಬಿ."

"ಚೀಲ ಯಾವುದಕ್ಕೆ ಅಂತ ನಿಮಗೆ ಗೊತ್ತಿತ್ತೇ?"

ಗೊತ್ತಿರಲಿಲ್ಲ ಎಂದರೆ ಸಾಕಿತ್ತು.

"ಬೂಟಿಗೆ ಅಂದಿದ್ರು," ಎಂದರು ನಿಬಿಯಾ. "ಎರಡು ಹೊಲಿದು ಮುಗಿಸಿದ್ದೆ. ಸರಿ ಇದೆಯಾ ನೋಡೋಕೆ ಅಂತ ಇಬ್ಬರು ಸಿಪಾಯಿಗಳು ಬಂದ್ರು. ಒಬ್ಬ ಅದನ್ನ ತೆಗೆದು ಇನ್ನೊಬ್ಬನ ತಲೆಗೆ ಹಾಕಿ ಲಾಡಿ ಎಳೆದ. ಅಳತೆ ಸರಿ ಇದೆ ದೋನ್ಯಾ ಅಂತ ನಕ್ಕ. ಹುಡುಗರ ತಮಾಷೆ ಅಂದುಕೊಂಡೆ. ಅಂದುಕೊಂಡೆ ಅನ್ನೋದೂ ಸುಳ್ಳು. ಅಂದುಕೊಳ್ಳೋಣ ಅಂತ ಇದ್ದೆ. ಬೂಟಿನ ಚೀಲ ಯಾಕೆ ತಲೆಗೆ ಸರಿಹೋಗಬೇಕು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಇನ್ನೂ ಮೂವತ್ತೆಂಟು ಹೊಲಿದೆ."

ವಕೀಲ ಗೆದ್ದವನಂತೆ ಕುಳಿತ. ಆದರೆ ತಾನು ಏನು ಮಾಡಿಬಿಟ್ಟೆ ಎಂಬುದು ಅವನಿಗೆ ಒಂದು ಕ್ಷಣ ತಡವಾಗಿ ಹೊಳೆದಿರಬೇಕು. ಬ್ಯಾರಕ್ಕಿನಲ್ಲಿ ಚೀಲಗಳೇ ಇರಲಿಲ್ಲ, ಯಾರ ಮುಖವನ್ನೂ ಮುಚ್ಚಲಿಲ್ಲ ಎಂದು ಅವನ ಕಕ್ಷಿದಾರ ಲಿಖಿತವಾಗಿ ಹೇಳಿದ್ದ. ಈಗ ಅವನ ಬಾಯಿಂದಲೇ, "ಸೆರೆಯಾಳುಗಳ ತಲೆಗೆ ಹಾಕಿದ ಚೀಲ" ಎಂಬ ಮಾತು ಬಂದಿತ್ತು. ಕ್ಲೆಲಿಯಾ ಎದ್ದು ಆ ಮಾತನ್ನು ದಾಖಲಿಸಿಕೊಳ್ಳಬೇಕೆಂದು ಬೇಡಿದಳು.

ಅಟ್ಟದಿಂದ ಬಿದ್ದೆ ಎಂಬ ಆ ಕಾಗದವನ್ನು ನ್ಯಾಯಾಧೀಶೆ ಆ ಮಧ್ಯಾಹ್ನವೇ ಸಾಕ್ಷ್ಯದಿಂದ ತೆಗೆದುಹಾಕಿದರು. ಹಿಂಸೆಯಿಂದ ಪಡೆದ ಸಹಿ ಸಹಿಯಲ್ಲ ಎಂದರು. ಕರ್ನಲ್ಲನ ಮೇಲೆ ಮೊಕದ್ದಮೆ ನಡೆಯಬೇಕು ಎಂದೂ, ನಿಬಿಯಾರನ್ನು ಇನ್ನೊಂದು ದಿನ ಪ್ರತ್ಯೇಕವಾಗಿ ವಿಚಾರಿಸಬೇಕು ಎಂದೂ ಹೇಳಿದರು. ಆ ವಿಚಾರಣೆ ಎರಡು ಸಲ ನಡೆಯಿತು, ಆಪಾದನೆ ಹೊರಿಸಲಿಲ್ಲ. ಆದರೆ ಆ ದಿನ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಆಕೆಗಂತೂ ಗೊತ್ತಿರಲಿಲ್ಲ. ಹೋದ ಆಗಸ್ಟಿನಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ನಿಬಿಯಾ ತೀರಿಕೊಂಡರು. ಹೆಸರು ಹೇಳಿಕೊಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆಕೆಯಲ್ಲ ಎಂದು ನಾನು ನಂಬುತ್ತೇನೆ. ಅದೆಮಾರ್ ಏನು ನಂಬುತ್ತಾನೋ ನಾನು ಕೇಳಿಲ್ಲ.

ಆ ಸಂಜೆಯ ಒಂದು ಸಂಗತಿಯನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಗುಮಾಸ್ತ ಎಲ್ಲರ ಹೇಳಿಕೆಗಳನ್ನೂ ಟೈಪು ಮಾಡಿ ಸಹಿಗೆ ತಂದ. ಅದೆಮಾರ್ ಲೇಖನಿ ಮುಟ್ಟಲಿಲ್ಲ. ಪ್ರತಿ ಸಾಲನ್ನೂ ಬೆರಳಿಟ್ಟು, ಗಟ್ಟಿಯಾಗಿ, ಎರಡೆರಡು ಸಲ ಓದಿದ. ಗುಮಾಸ್ತ ಗಡಿಯಾರ ನೋಡಿದ. "ಹೊತ್ತಾಯ್ತಪ್ಪಾ, ಅದರಲ್ಲೇನೂ ಮೋಸ ಇಲ್ಲ."

"ಅದನ್ನ ಓದಿದಮೇಲೆ ಹೇಳ್ತೀನಿ," ಎಂದ ಅದೆಮಾರ್.

ತನ್ನದನ್ನು ಮುಗಿಸಿ, ನಿಬಿಯಾರ ಹೇಳಿಕೆಯನ್ನೂ ಓದಲು ಕೇಳಿದ. ನಿಬಿಯಾ ಹಾಳೆಯನ್ನು ಅವನ ಕಡೆಗೆ ಸರಿಸಿದರು. ನಡುವೆ ಅವನ ಬೆರಳು ನಿಂತಿತು.

"ಸಿಪಾಯಿ ತಲೆಗೆ ಹಾಕಿ ನೋಡಿದ್ದು ಇಲ್ಲಿಲ್ಲ. 'ಉದ್ದೇಶ ತಿಳಿಯದೆ ಚೀಲ ಹೊಲಿದರು' ಅಂತ ಇದೆ."

"ವಯಸ್ಸಾದೋರು, ಯಾಕೆ ಅಂತ ಸ್ವಲ್ಪ..." ಗುಮಾಸ್ತ ತೊದಲಿದ.

ಅದೆಮಾರ್ ಮೊದಲ ಸಲ ನಿಬಿಯಾರ ಮುಖವನ್ನು ನೇರವಾಗಿ ನೋಡಿದ. ನಿಬಿಯಾ ಕನ್ನಡಕ ಸರಿಮಾಡಿಕೊಂಡರು.

"ಅವನು ಹೇಳಿದ್ದು ಸರಿ. ಬರೀರಿ," ಎಂದರು. "ಆಮೇಲಿನ ಮೂವತ್ತೆಂಟನ್ನೂ ಬರೀರಿ."

ಗುಮಾಸ್ತ ಮತ್ತೆ ಯಂತ್ರದ ಮುಂದೆ ಕುಳಿತ. ಹೊಸ ಹಾಳೆ ಬಂದಾಗ ನಿಬಿಯಾ ಸಹಿ ಹಾಕಿದರು. ಆಮೇಲೆ ಅದೆಮಾರ್ ತನ್ನ ಹಾಳೆಯನ್ನು ಎಳೆದುಕೊಂಡು, ಎಡಗೈಯಲ್ಲಿ, ನಿಧಾನವಾಗಿ ತನ್ನ ಹೆಸರು ಬರೆದ.